ಮಗಳು ಆಸ್ಟ್ರೋಫಿಸಿಕ್ಸ್ ಆನರ್ಸ್ ಓದುತ್ತೇನೆ ಅನ್ನುತ್ತಿದ್ದಾಳೆ, ಗೊತ್ತಿದ್ದವರು ಹೇಳಿ

ಮೂಡಿಗೆರೆ_ತೋಟ
ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಹತ್ತಿರ ನಮ್ಮದು ನಾಲ್ಕು ಎಕರೆ ರೊಬಸ್ಟಾ, ಮಧ್ಯೆ ಮೆಣಸು. ನಾನು ಓದಿದ್ದು ಪಿಯುಸಿ ತನಕ. ಮಗಳು ಹಾಸನದ ಹಾಸ್ಟೆಲ್‌ನಲ್ಲಿದ್ದು ಸೆಕೆಂಡ್ ಪಿಯು ಮುಗಿಸಿದ್ದಾಳೆ, ಪಿಸಿಎಂಸಿ. ಅಂಕ ಚೆನ್ನಾಗಿದೆ. ಸಿಇಟಿ ರ‍್ಯಾಂಕಿಗೆ ಹಾಸನದಲ್ಲೋ ಮೈಸೂರಲ್ಲೋ ಕಂಪ್ಯೂಟರ್ ಸೈನ್ಸ್ ಸೀಟು ಸಿಗುತ್ತದೆ ಅಂತ ಎಲ್ಲರೂ ಹೇಳುತ್ತಿದ್ದಾರೆ. ಅವಳಿಗೆ ಅದು ಬೇಡವಂತೆ. ಆಸ್ಟ್ರೋಫಿಸಿಕ್ಸೇ, ಅಂದರೆ ನಕ್ಷತ್ರಗಳ ಓದೇ ಬೇಕು, ಅದೂ ಆನರ್ಸೇ ಬೇಕು ಅಂತ ಹಟ. ಕೇಂದ್ರ ಸರ್ಕಾರದ ವಿಜ್ಞಾನ ಸಂಸ್ಥೆ ಐಸರ್ ಇದೆಯಲ್ಲ, ಅದರ ಪರೀಕ್ಷೆ ಬರೆದಳು, ಸೀಟಿಗೆ ಸಾಲುವಷ್ಟು ರ‍್ಯಾಂಕ್ ಬರಲಿಲ್ಲ.

ಈಗ ಬೆಂಗಳೂರಿನ ಒಂದು ಖಾಸಗಿ ವಿಶ್ವವಿದ್ಯಾಲಯದ ಜಾಹೀರಾತು ಹಿಡಿದುಕೊಂಡು ಕೂತಿದ್ದಾಳೆ. ನಾಲ್ಕು ವರ್ಷದ ಬಿಎಸ್ಸಿ ಆನರ್ಸ್ ಆಸ್ಟ್ರೋಫಿಸಿಕ್ಸ್. ವರ್ಷಕ್ಕೆ ಮೂರೂವರೆ ಲಕ್ಷ, ಹಾಸ್ಟೆಲ್ ಬೇರೆ. ಹಾಸನದ ಸರ್ಕಾರಿ ಕಾಲೇಜಿನಲ್ಲೇ ಬಿಎಸ್ಸಿ ಪಿಸಿಎಂ ಮಾಡಮ್ಮ ಅಂದರೆ "ಅದು ಆನರ್ಸ್ ಅಲ್ಲ ಅಪ್ಪ" ಅನ್ನುತ್ತಾಳೆ.

ಈ ಆನರ್ಸ್ ಅಂದರೆ ಏನು? ಅದಿಲ್ಲದೆ ಆ ಕಡೆಗೆ ದಾರಿಯೇ ಇಲ್ವಾ? ಓದಿದ ಮೇಲೆ ಅನ್ನಕ್ಕೆ ದಾರಿ ಆಗುತ್ತದಾ? ಹಾಸನದಲ್ಲೇ ಇಸ್ರೋ ಇದೆಯಲ್ಲ, ಅಲ್ಲಿ ಕೆಲಸ ಸಿಗುತ್ತದಾ? ಕಾಫಿ ರೇಟು ಸ್ವಲ್ಪ ಚೆನ್ನಾಗಿ ಸಿಕ್ಕಿದ್ದಕ್ಕೆ ಇಷ್ಟು ಯೋಚನೆ ಮಾಡುವ ಧೈರ್ಯ ಬಂದಿದೆ. ಪ್ರತಿ ವರ್ಷ ಹಾಗಿರಲ್ಲ ಅಂತ ನಿಮಗೂ ಗೊತ್ತು.

ರೊಬಸ್ಟಾ_50ಕೆಜಿ
ಜ್ಯೋತಿಷ್ಯ ಓದಿಸಿ ಅಣ್ಣ. ಗ್ರಹ ಅವೇ, ಸಂಪಾದನೆ ಬೇಗ.

ಕೋಡಿಂಗ್_ಅಣ್ಣ
ಬೇಜಾರು ಮಾಡಿಕೊಳ್ಳಬೇಡಿ, ನೇರವಾಗಿ ಹೇಳುತ್ತೇನೆ. ಸಿಎಸ್ ಸೀಟು ಬಿಡಬೇಡಿ. ನಾನೂ ಅರಸೀಕೆರೆಯವನು, ನನಗೂ ಪಿಯುನಲ್ಲಿ ಬ್ಲ್ಯಾಕ್ ಹೋಲ್ ಹುಚ್ಚಿತ್ತು. ಎರಡನೇ ಸೆಮಿಸ್ಟರಿಗೆ ಇಳಿಯಿತು. ಎಂಜಿನಿಯರಿಂಗ್ ಮುಗಿದ ಮೇಲೂ ಆಸೆ ಉಳಿದಿದ್ದರೆ ಆ ಕಡೆ ಹೋಗಬಹುದು. ಬಿಎಸ್ಸಿ ಮಾಡಿ ಆಮೇಲೆ ಈ ಕಡೆ ಬರುವುದು ಕಷ್ಟ. ಫಿಸಿಕ್ಸ್ ಎಂಎಸ್ಸಿ ಮಾಡಿ ಊರಲ್ಲಿ ಟ್ಯೂಷನ್ ನಡೆಸುತ್ತಿರುವವರು ನನ್ನ ಬ್ಯಾಚಿನಲ್ಲೇ ಇಬ್ಬರಿದ್ದಾರೆ.

ಆಲೂರು_ಅಂಗಡಿ
ಟ್ಯೂಷನ್ ನಡೆಸುವವರು ನಿಮಗಿಂತ ಜಾಸ್ತಿ ದುಡಿಯುತ್ತಿರಬಹುದು, ಕೇಳಿ ನೋಡಿ.

ಹೊಳೆನರಸೀಪುರದ_ಹುಡುಗಿ
ನಾನು ಬಿಎಸ್ಸಿ ಪಿಸಿಎಂ ಓದಿದ್ದು ಹಾಸನ ಜಿಲ್ಲೆಯ ಒಂದು ಸರ್ಕಾರಿ ಕಾಲೇಜಿನಲ್ಲೇ. ಈಗ ಬೆಂಗಳೂರಿನಲ್ಲಿ ಪಿಎಚ್‌ಡಿ ಐದನೇ ವರ್ಷ. ಕಪ್ಪುಕುಳಿಯೊಂದು (ಬ್ಲ್ಯಾಕ್ ಹೋಲ್) ಪಕ್ಕದ ನಕ್ಷತ್ರದಿಂದ ಅನಿಲ ಎಳೆದುಕೊಳ್ಳುವಾಗ ಹೊರಡುವ ಎಕ್ಸ್-ಕಿರಣ ನನ್ನ ವಿಷಯ. 2015ರ ಸೆಪ್ಟೆಂಬರ್ 28ರಂದು ಹಾರಿದ ನಮ್ಮ ದೇಶದ ಆಸ್ಟ್ರೋಸ್ಯಾಟ್ ಉಪಗ್ರಹ ಕಳಿಸಿದ ಅಂಕಿಗಳ ಮೇಲೆ ಕೆಲಸ. ಟೆಲಿಸ್ಕೋಪಿಗೆ ಕಣ್ಣಿಟ್ಟು ಒಂದು ವರ್ಷದ ಮೇಲಾಯಿತು. ದಿನವಿಡೀ ನೋಡುವುದು ಕಂಪ್ಯೂಟರಿನಲ್ಲಿ ಗ್ರಾಫುಗಳನ್ನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಎಷ್ಟೋ ಮಕ್ಕಳು ಫೋಟೋ ನೋಡಿ ಬರುತ್ತಾರೆ, ಲೆಕ್ಕ ನೋಡಿ ಓಡುತ್ತಾರೆ.

ಅಂಕಲ್, ಆಸ್ಟ್ರೋಫಿಸಿಕ್ಸ್ ಅಂದರೆ ಫಿಸಿಕ್ಸೇ. ಸೂರ್ಯ ಯಾಕೆ ಕುಸಿದು ಬೀಳುತ್ತಿಲ್ಲ? ಗುರುತ್ವ ಒಳಕ್ಕೆ ಎಳೆಯುತ್ತದೆ, ಬಿಸಿ ಅನಿಲದ ಒತ್ತಡ ಹೊರಕ್ಕೆ ತಳ್ಳುತ್ತದೆ, ಎರಡೂ ಸರಿಸಮ. ಆ ಒತ್ತಡದ ಲೆಕ್ಕಕ್ಕೆ ಥರ್ಮೋಡೈನಮಿಕ್ಸ್ ಬೇಕು. ನಟ್ಟನಡುವೆ ಒಂದೂವರೆ ಕೋಟಿ ಡಿಗ್ರಿಯಲ್ಲಿ ಹೈಡ್ರೋಜನ್ ಸೇರಿ ಹೀಲಿಯಂ ಆಗುವುದು ಅರ್ಥವಾಗಲು ಕ್ವಾಂಟಮ್ ಮೆಕ್ಯಾನಿಕ್ಸ್ ಬೇಕು. ನಕ್ಷತ್ರದ ಬೆಳಕನ್ನು ಬಿಡಿಸಿದಾಗ ಕಾಣುವ ಗೆರೆಗಳನ್ನು ನೋಡಿ ಅದರ ಬಿಸಿ ಎಷ್ಟು ಅಂತ ಹೇಳಲು ನಮ್ಮ ವಿಜ್ಞಾನಿ ಮೇಘನಾದ ಸಹಾ 1920ರಲ್ಲಿ ಕೊಟ್ಟ ಸಮೀಕರಣ ಬೇಕು. ಇವೆಲ್ಲ ಗಟ್ಟಿಯಿದ್ದರೆ ಆಸ್ಟ್ರೋಫಿಸಿಕ್ಸ್ ಮೇಲಿನ ಒಗ್ಗರಣೆ. ಸಾರೇ ಇಲ್ಲದೆ ಒಗ್ಗರಣೆ ಹಾಕಲಾಗುವುದಿಲ್ಲ.

ಇನ್ನೊಂದು ಮಾತು. ಎಂಎಸ್ಸಿಗೆ ಒಳ್ಳೆ ಕಡೆ ಸೇರಲು ಬರೆಯುವ ಜಾಮ್ ಪರೀಕ್ಷೆಯ ಫಿಸಿಕ್ಸ್ ಪತ್ರಿಕೆಯಲ್ಲಿ ಆಸ್ಟ್ರೋಫಿಸಿಕ್ಸ್ ಅನ್ನುವ ವಿಭಾಗವೇ ಇಲ್ಲ. ಮೆಕ್ಯಾನಿಕ್ಸ್, ವಿದ್ಯುತ್ತು, ಥರ್ಮೋಡೈನಮಿಕ್ಸ್, ಗಣಿತದ ವಿಧಾನಗಳು, ಮಾಡರ್ನ್ ಫಿಸಿಕ್ಸ್, ಇಂಥವೇ. ನನ್ನ ಪದವಿ ಪತ್ರದ ಮೇಲೆ ಬರೀ ಬಿಎಸ್ಸಿ ಅಂತ ಇದೆ. ಇಂಟರ್‌ವ್ಯೂನಲ್ಲಿ ಒಬ್ಬರೂ ಅದನ್ನು ಕೇಳಲಿಲ್ಲ. ಬೋರ್ಡಿನ ಹತ್ತಿರ ನಿಲ್ಲಿಸಿ ಲೆಕ್ಕ ಬಿಡಿಸು ಅಂದರು.

ಕೋಡಿಂಗ್_ಅಣ್ಣ
ಸರಿ, ಆದರೆ ಐದನೇ ವರ್ಷ ಅಂದರೆ ನಿಮಗೆ ವಯಸ್ಸೆಷ್ಟು, ಕೈಗೆ ಎಷ್ಟು ಬರುತ್ತದೆ? ಅದನ್ನೂ ಹೇಳಿ. ಅಪ್ಪ ಕೇಳಿದ್ದು ಅನ್ನದ ವಿಷಯ.

ಹೊಳೆನರಸೀಪುರದ_ಹುಡುಗಿ
ವಯಸ್ಸು 28. ಫೆಲೋಶಿಪ್ 2023ರ ಜನವರಿಯಿಂದ ಮೊದಲೆರಡು ವರ್ಷಕ್ಕೆ ತಿಂಗಳಿಗೆ 37,000, ಆಮೇಲೆ 42,000. ಕ್ಯಾಂಪಸ್ ಹಾಸ್ಟೆಲ್, ಅಪ್ಪನ ಹತ್ತಿರ ಕೇಳಿಲ್ಲ. ನಿಮ್ಮ ಸಂಬಳದ ಮುಂದೆ ಏನೂ ಅಲ್ಲ, ಗೊತ್ತು. ಪಿಎಚ್‌ಡಿ ಮುಗಿದ ಮೇಲೆ ಎರಡು ಮೂರು ಕಡೆ ಪೋಸ್ಟ್‌ಡಾಕ್, ಅಂದರೆ ತಾತ್ಕಾಲಿಕ ಸಂಶೋಧನೆ ಕೆಲಸ, ಹೆಚ್ಚಾಗಿ ಹೊರದೇಶ. ಪರ್ಮನೆಂಟ್ ಕೆಲಸ ಸಿಗುವ ಹೊತ್ತಿಗೆ 35 ದಾಟಬಹುದು, ಎಲ್ಲರಿಗೂ ಸಿಗುವುದೂ ಇಲ್ಲ. ಮುಚ್ಚಿಡುವಂಥದ್ದೇನಿಲ್ಲ. ನನ್ನ ಸೀನಿಯರ್ ಇಬ್ಬರು ಪಿಎಚ್‌ಡಿ ಮುಗಿಸಿ ಡೇಟಾ ಸೈನ್ಸ್ ಕೆಲಸಕ್ಕೆ ಹೋದರು. ನೀವು ಹೇಳಿದ ಆ ಕಷ್ಟದ ದಾರಿ ಅಷ್ಟೇನೂ ಕಷ್ಟವಿಲ್ಲ.

ಸಾಲಗಾಮೆ_ರಸ್ತೆ
ನಾನು ಹಾಸನದ ಇಸ್ರೋ ಕೇಂದ್ರ ಎಂಸಿಎಫ್‌ನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಇಸ್ರೋ ಅಂದ ತಕ್ಷಣ ಎಲ್ಲರೂ ನಕ್ಷತ್ರ ಅಂದುಕೊಳ್ಳುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ. ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ 1982ರಲ್ಲಿ ಶುರುವಾಯಿತು, ಇನ್ಸಾಟ್-1ಎ ಉಪಗ್ರಹದ ಕಾಲದಲ್ಲಿ. ಅಲ್ಲಿನ ಕೆಲಸ ಸುಮಾರು 36,000 ಕಿ.ಮೀ. ಎತ್ತರದ ಭೂಸ್ಥಿರ ಉಪಗ್ರಹಗಳನ್ನು, ಅಂದರೆ ಭೂಮಿಯ ಜೊತೆಗೇ ಸುತ್ತಿ ಒಂದೇ ಕಡೆ ನಿಂತಂತೆ ಕಾಣುವವನ್ನು, ಅವುಗಳ ಜಾಗದಲ್ಲೇ ಇಟ್ಟುಕೊಳ್ಳುವುದು. ಆಸ್ಟ್ರೋಫಿಸಿಕ್ಸ್ ಸಂಶೋಧನೆ ಅಲ್ಲಿಲ್ಲ. ಕೆಲಸಕ್ಕೆ ತೆಗೆದುಕೊಳ್ಳುವುದೂ ಹೆಚ್ಚಾಗಿ ಎಲೆಕ್ಟ್ರಾನಿಕ್ಸ್, ಮೆಕ್ಯಾನಿಕಲ್, ಕಂಪ್ಯೂಟರ್ ಎಂಜಿನಿಯರುಗಳನ್ನು. ನಿಮ್ಮ ಮಗಳಿಗೆ ಇಸ್ರೋನೇ ಬೇಕು ಅಂದರೆ ತಿರುವನಂತಪುರದ ಬಾಹ್ಯಾಕಾಶ ಕಾಲೇಜು ಐಐಎಸ್‌ಟಿ ಇದೆ, ಅದಕ್ಕೆ ಜೆಇಇ ಅಡ್ವಾನ್ಸ್‌ಡ್ ಬೇಕು. ಈ ವರ್ಷಕ್ಕೆ ಅದು ಮುಗಿದ ಕತೆ.

ಆದರೆ ಒಂದು ಹೇಳುತ್ತೇನೆ. ಉಪಗ್ರಹ ತನ್ನ ಪಾಡಿಗೆ ನಿಲ್ಲುವುದಿಲ್ಲ. ಸೂರ್ಯ, ಚಂದ್ರ ಎರಡೂ ಎಳೆಯುತ್ತವೆ, ಕಕ್ಷೆ ನಿಧಾನಕ್ಕೆ ಓರೆಯಾಗುತ್ತದೆ. ಆಗಾಗ ಸ್ವಲ್ಪ ಇಂಧನ ಉರಿಸಿ ಸರಿ ಮಾಡುತ್ತಿರಬೇಕು. ಇಂಧನ ಮುಗಿದರೆ ಉಪಗ್ರಹದ ಆಯಸ್ಸೂ ಮುಗಿಯಿತು. ಮಾರ್ಚ್, ಸೆಪ್ಟೆಂಬರ್ ಆಸುಪಾಸಿನಲ್ಲಿ ಸುಮಾರು 45 ದಿನ ಉಪಗ್ರಹ ದಿನಾ ಭೂಮಿಯ ನೆರಳಿಗೆ ಹೋಗುತ್ತದೆ, ಹೆಚ್ಚೆಂದರೆ 72 ನಿಮಿಷ. ಆಗ ಬ್ಯಾಟರಿಯೇ ಗತಿ. ಆ ದಿನಗಳಲ್ಲಿ ನೈಟ್ ಡ್ಯೂಟಿ ಮಾಡಿದವನಿಗೆ ನ್ಯೂಟನ್ ಪಾಠ ಹೇಳಬೇಕಾಗಿಲ್ಲ.

ಕೇಬಲ್_ಮಂಜಣ್ಣ
ಸರ್, ಮಾರ್ಚ್‌ನಲ್ಲಿ ನಾಲ್ಕೈದು ದಿನ ಹಗಲು ಹೊತ್ತು ಐದು ಹತ್ತು ನಿಮಿಷ ಸಿಗ್ನಲ್ ಹೋಗುತ್ತದಲ್ಲ, ಅದು ಇದೇನಾ? ಜನ ನನಗೆ ಬೈಯುತ್ತಾರೆ.

ಸಾಲಗಾಮೆ_ರಸ್ತೆ
ಅದು ಬೇರೆ. ಸೂರ್ಯ ಸರಿಯಾಗಿ ಉಪಗ್ರಹದ ಬೆನ್ನ ಹಿಂದೆ ಬಂದು ನಿಮ್ಮ ಡಿಶ್ಶಿಗೆ ನೇರ ಹೊಡೆಯುತ್ತಾನೆ. ಸೂರ್ಯನ ರೇಡಿಯೋ ಸದ್ದಿನಲ್ಲಿ ಉಪಗ್ರಹದ ದನಿ ಕೇಳಿಸುವುದಿಲ್ಲ. ಸೆಪ್ಟೆಂಬರ್ ಕೊನೆಗೆ ಮತ್ತೆ ಆಗುತ್ತದೆ, ಈಗಲೇ ಗ್ರಾಹಕರಿಗೆ ಹೇಳಿಡಿ.

ಕೇಬಲ್_ಮಂಜಣ್ಣ
ಸೂರ್ಯನೇ ಮಾಡಿದ್ದು ಅಂದರೆ ಇನ್ನೂ ಜಾಸ್ತಿ ಬೈಯುತ್ತಾರೆ.

ಫಿಸಿಕ್ಸ್_ಮೇಷ್ಟ್ರು
ಚಿಕ್ಕಮಗಳೂರು ಜಿಲ್ಲೆಯಲ್ಲಿ ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಆನರ್ಸ್ ಗೊಂದಲ ನಮ್ಮ ರಾಜ್ಯದಲ್ಲಿ ಯಾಕೆ ಜಾಸ್ತಿ ಅಂತ ಹೇಳುತ್ತೇನೆ. 2021-22ರಲ್ಲಿ ಹೊಸ ಶಿಕ್ಷಣ ನೀತಿ ಅಂತ ನಾಲ್ಕು ವರ್ಷದ ಆನರ್ಸ್ ಬಂತು. 2024-25ರಿಂದ ಸರ್ಕಾರ ಮತ್ತೆ ಮೂರು ವರ್ಷದ ಡಿಗ್ರಿಗೆ ವಾಪಸ್ ಬಂತು. ನಡುವೆ ಸೇರಿದ ಮೂರು ಬ್ಯಾಚಿನವರು ಬೇಕಿದ್ದರೆ ನಾಲ್ಕನೇ ವರ್ಷ ಓದಬಹುದು ಅಂದರು. ಸಿಲಬಸ್ ಬದಲಾಯಿಸಿ ಬದಲಾಯಿಸಿ ನಮ್ಮ ಬೀರುವಿನಲ್ಲಿ ಜಾಗವಿಲ್ಲ.

ಯುಜಿಸಿ ಲೆಕ್ಕ ಹೀಗಿದೆ. ಮೂರು ವರ್ಷ ಮಾಡಿದರೆ ಎಂಎಸ್ಸಿ ಎರಡು ವರ್ಷ. ನಾಲ್ಕು ವರ್ಷ ಮಾಡಿದರೆ ಎಂಎಸ್ಸಿ ಒಂದೇ ವರ್ಷ. ಕೂಡಿದರೆ ಎರಡೂ ಐದೇ. ಮೊದಲ ಆರು ಸೆಮಿಸ್ಟರಿನಲ್ಲಿ ಶೇ. 75 ಬಂದವರು ನಾಲ್ಕನೇ ವರ್ಷ ಸಂಶೋಧನೆ ಸಹಿತ ಆನರ್ಸ್ ಮಾಡಬಹುದು. ನಾಲ್ಕು ವರ್ಷದ ಪದವಿಯಲ್ಲಿ ಶೇ. 75 ಇದ್ದರೆ ಎಂಎಸ್ಸಿ ಇಲ್ಲದೆಯೇ ಪಿಎಚ್‌ಡಿಗೂ ಅರ್ಹತೆ ಉಂಟು. ಕಾಗದದ ಮೇಲೆ ಇಷ್ಟು. ಒಂದು ವರ್ಷದ ಎಂಎಸ್ಸಿ ನಿಮಗೆ ಬೇಕಾದ ಜಾಗದಲ್ಲಿ ನಡೆಯುತ್ತಿದೆಯಾ ಅಂತ ಮೊದಲು ವಿಚಾರಿಸಿ.

ಎರಡನೇ_ಪಿಯು_ಅಮ್ಮ
ಮೇಷ್ಟ್ರೇ, ಹಾಗಾದರೆ ಸರ್ಕಾರಿ ಕಾಲೇಜಿನಲ್ಲಿ ಆಸ್ಟ್ರೋಫಿಸಿಕ್ಸ್ ಕಲಿಸುತ್ತೀರಾ ಇಲ್ವಾ?

ಫಿಸಿಕ್ಸ್_ಮೇಷ್ಟ್ರು
ಕಲಿಸುತ್ತೇವೆ, ಒಂದು ಪತ್ರಿಕೆಯ ಒಂದು ಭಾಗದಷ್ಟು. ನಕ್ಷತ್ರಗಳ ಮ್ಯಾಗ್ನಿಟ್ಯೂಡ್ ಅಂದರೆ ಬೆಳಕಿನ ಅಳತೆ, ಬಣ್ಣ ಮತ್ತು ಬಿಸಿ, ಬೆಳಕು-ಬಣ್ಣ ಹೋಲಿಸುವ ಎಚ್‌ಆರ್ ನಕ್ಷೆ, ಚಂದ್ರಶೇಖರ್ ಮಿತಿ. ಸೂರ್ಯನ 1.4 ಪಟ್ಟು ತೂಕ ದಾಟಿದರೆ ಶ್ವೇತಕುಬ್ಜ, ಅಂದರೆ ಉರಿದು ಮುಗಿದ ನಕ್ಷತ್ರದ ತಿರುಳು, ನಿಲ್ಲಲಾರದು ಅಂತ ಹೇಳಿದಾಗ ಯಾವ ಕ್ಲಾಸಿನಲ್ಲೂ ಒಬ್ಬರಾದರೂ ತಲೆ ಎತ್ತಿ "ಯಾಕೆ ಸರ್" ಅನ್ನುತ್ತಾರೆ. ಆ ಒಬ್ಬರಿಗಾಗಿ ಅರ್ಧ ಗಂಟೆ ಜಾಸ್ತಿ ಪಾಠ ಆಗುತ್ತದೆ, ಪೋರ್ಷನ್ ಹಿಂದೆ ಬೀಳುತ್ತದೆ. ಲ್ಯಾಬಿನ ಬಗ್ಗೆ ಕೇಳಬೇಡಿ. ಸ್ಪೆಕ್ಟ್ರೋಮೀಟರು ನಾನು ವಿದ್ಯಾರ್ಥಿಯಾಗಿದ್ದ ಕಾಲದ್ದು.

ಹಿಂದಿನ_ಬೆಂಚು
ನಾನು ಅಂಥದ್ದೇ ಒಂದು ಖಾಸಗಿ ಆಸ್ಟ್ರೋಫಿಸಿಕ್ಸ್ ಕೋರ್ಸಿನಲ್ಲಿ ಮೂರನೇ ವರ್ಷ. ಹೆಸರು ಹೇಳಲ್ಲ, ಇನ್ನೂ ಒಂದು ವರ್ಷ ಅಲ್ಲೇ ಇರಬೇಕು. ಜಾಹೀರಾತಿನಲ್ಲಿದ್ದ ಟೆಲಿಸ್ಕೋಪ್ ನಿಜಕ್ಕೂ ಇದೆ. ತಾರಸಿ ಮೇಲಿನ ರೂಮಿನಲ್ಲಿ, ಬೀಗ ಹಾಕಿ. ಎರಡೂವರೆ ವರ್ಷದಲ್ಲಿ ಎರಡು ಸಲ ನೋಡಿದ್ದೇನೆ, ಒಂದು ಸಲ ಯಾರೋ ಅತಿಥಿ ಬಂದಿದ್ದರು ಅಂತ. ಎಲೆಕ್ಟ್ರೋಡೈನಮಿಕ್ಸ್ ಒಂದೇ ಸೆಮಿಸ್ಟರ್, ಅದೂ ಅರ್ಧ. ಕ್ವಾಂಟಮ್ ಹೇಳುತ್ತಿದ್ದ ಸರ್ ಮಧ್ಯದಲ್ಲೇ ಕೆಲಸ ಬಿಟ್ಟರು. ಅದರ ಬದಲು ಬಾಹ್ಯಾಕಾಶ ವ್ಯಾಪಾರ ಅಂತ ಒಂದು ಪತ್ರಿಕೆ ಇದೆ. ಈಗ ಜಾಮ್‌ಗೆ ನಾನೇ ಕೂತು ಎಲ್ಲವನ್ನೂ ಮೊದಲಿಂದ ಓದುತ್ತಿದ್ದೇನೆ.

ಒಳ್ಳೆಯದನ್ನೂ ಹೇಳಬೇಕಲ್ಲ. ಪೈಥಾನ್ ಚೆನ್ನಾಗಿ ಕಲಿಸಿದರು. ಒಬ್ಬರು ಮೇಡಂ ಇದ್ದಾರೆ, ಸಂಜೆ ಆರರ ಮೇಲೆ ಕೂತು ಬೇರೆ ಗ್ರಹಗಳ ಡೇಟಾ ಬಿಡಿಸುವುದನ್ನು ಹೇಳಿಕೊಟ್ಟರು. ಫೀಸು ಕೊಟ್ಟಿದ್ದು ಅವರಿಗೊಬ್ಬರಿಗೇ ಅಂದುಕೊಂಡಿದ್ದೇನೆ.

ಕಡೂರು_ಕ್ರಾಸ್
ಎಲ್ಲ ಖಾಸಗಿ ಕಾಲೇಜೂ ಹಾಗಲ್ಲ ಕಣ್ರಿ. ನನ್ನ ಅಕ್ಕನ ಮಗ ಬೇರೊಂದರಲ್ಲಿ ಬರೀ ಫಿಸಿಕ್ಸ್ ಆನರ್ಸ್ ಓದಿದ. ಕಡೆಯ ವರ್ಷ ಪೂರ್ತಿ ಪ್ರಾಜೆಕ್ಟು. ಗಟ್ಟಿಯಾಗಿಯೇ ಕಲಿಸಿದ್ದಾರೆ.

ಹಿಂದಿನ_ಬೆಂಚು
ನೀವೇ ಹೇಳಿದಿರಲ್ಲ, ಬರೀ ಫಿಸಿಕ್ಸ್ ಅಂತ. ನನ್ನದೂ ಅದೇ ಮಾತು.

ಬೇಲೂರಿಂದ_ಬ್ರಿಸ್ಬೇನ್
ಆನರ್ಸ್ ಅನ್ನುವ ಪದಕ್ಕೆ ಒಂದೊಂದು ಊರಲ್ಲಿ ಒಂದೊಂದು ಅರ್ಥ. ಆಸ್ಟ್ರೇಲಿಯಾದಲ್ಲಿ ಬಿಎಸ್ಸಿ ಮೂರೇ ವರ್ಷ. ಆನರ್ಸ್ ಅಂದರೆ ಅದಾದ ಮೇಲೆ ಪ್ರತ್ಯೇಕ ಒಂದು ವರ್ಷ. ನಾನು ಮಾಡಿದ್ದು ಅದನ್ನೇ. ಕೆಲವು ಕೋರ್ಸು, ಉಳಿದದ್ದೆಲ್ಲ ಒಂದೇ ಸಂಶೋಧನೆ, ಕೊನೆಗೆ ಥೀಸಿಸ್. ಅದರಲ್ಲಿ ಫಸ್ಟ್ ಕ್ಲಾಸ್ ಬಂದರೆ ನೇರ ಪಿಎಚ್‌ಡಿ. ಸ್ಕಾಟ್‌ಲೆಂಡಿನಲ್ಲಿ ಮೊದಲಿಂದಲೇ ನಾಲ್ಕು ವರ್ಷ, ಇಂಗ್ಲೆಂಡಿನಲ್ಲಿ ಮೂರು ವರ್ಷಕ್ಕೇ ಆನರ್ಸ್ ಅನ್ನುತ್ತಾರೆ.

ಆ ಒಂದು ವರ್ಷದಲ್ಲಿ ನನಗೆ ಆದದ್ದು ಕೇಳಿ. ಮಿನುಗು ಬದಲಾಗುವ ನಕ್ಷತ್ರಗಳ ಪಟ್ಟಿ ಕೊಟ್ಟರು, ಅವಧಿ ಕಂಡುಹಿಡಿ ಅಂದರು. ನಾಲ್ಕು ತಿಂಗಳು ಒಂದು ನಕ್ಷತ್ರಕ್ಕೆ ಸರಿಯಾಗಿ ಒಂದು ದಿನದ ಅವಧಿ ಬರುತ್ತಿತ್ತು. ಹೊಸ ಜಾತಿ ನಕ್ಷತ್ರ ಅಂತ ಖುಷಿಯಲ್ಲಿದ್ದೆ, ಬೇಲೂರಿಗೆ ಫೋನ್ ಮಾಡಿ ಅಮ್ಮನಿಗೂ ಹೇಳಿಬಿಟ್ಟೆ. ಗೈಡ್ ನೋಡಿ ನಕ್ಕರು. ದಿನಾ ರಾತ್ರಿ ಮಾತ್ರ ನೋಡಿದರೆ ಒಂದು ದಿನದ ಅವಧಿ ಬಾರದೆ ಇನ್ನೇನು ಬರುತ್ತದೆ? ಅದು ನಕ್ಷತ್ರದ್ದಲ್ಲ, ನಮ್ಮ ಭೂಮಿಯದು. ನಾಲ್ಕು ತಿಂಗಳು ಹೋಯಿತು. ಆದರೆ ಮೂರು ವರ್ಷ ಪರೀಕ್ಷೆ ಬರೆದು ಕಲಿಯದ್ದನ್ನು ಅವತ್ತು ಕಲಿತೆ. ಮಗಳಿಗೆ ಬೇಕಾದದ್ದು ಇಂಥ ಒಂದು ವರ್ಷ. ಅದಕ್ಕೆ ಯಾವ ಹೆಸರಿಟ್ಟರೂ ಸರಿ.

ರೊಬಸ್ಟಾ_50ಕೆಜಿ
ಅಮ್ಮನಿಗೆ ಆಮೇಲೆ ಏನು ಹೇಳಿದಿರಿ?

ಬೇಲೂರಿಂದ_ಬ್ರಿಸ್ಬೇನ್
ಇವತ್ತಿಗೂ ನಾನು ನಕ್ಷತ್ರ ಕಂಡುಹಿಡಿದವನು ಅಂತಲೇ ಊರಲ್ಲಿ ಹೇಳಿಕೊಂಡು ತಿರುಗುತ್ತಾರೆ.

ಚನ್ನರಾಯಪಟ್ಟಣ_ಐಸರ್
ನಾನು ಐಸರ್ ಎರಡನೇ ವರ್ಷ. ತಂಗಿಯ ರ‍್ಯಾಂಕ್ ಯಾಕೆ ಹೋಯಿತು ಅಂತ ಊಹಿಸಬಲ್ಲೆ. ಆ ಪರೀಕ್ಷೆಯಲ್ಲಿ 60 ಪ್ರಶ್ನೆ, ಅದರಲ್ಲಿ 15 ಬಯಾಲಜಿ. ಬಯಾಲಜಿ ಓದದ ಪಿಸಿಎಂಸಿ ಮಕ್ಕಳಿಗೆ ಏಟು ಬೀಳುವುದೇ ಅಲ್ಲಿ. ಹಿಂದಿನ ವರ್ಷ ಪಿಯು ಪಾಸಾದವರೂ ಬರೆಯಬಹುದು. ಹಾಗಾಗಿ ಬಿಎಸ್ಸಿಗೆ ಸೇರಿಕೊಂಡೇ ಮುಂದಿನ ವರ್ಷ ಇನ್ನೊಂದು ಕೈ ನೋಡಲಿ. ಭುವನೇಶ್ವರದ ಇಂಥದ್ದೇ ಸಂಸ್ಥೆ ನೈಸರ್‌ಗೆ ನೆಸ್ಟ್ ಅಂತ ಬೇರೆ ಪರೀಕ್ಷೆ ಇದೆ. ಐಐಎಸ್‌ಸಿಯಲ್ಲಿ 2011ರಿಂದ ನಾಲ್ಕು ವರ್ಷದ ಬಿಎಸ್ ರಿಸರ್ಚ್ ಇದೆ, ನಮ್ಮ ಕೈಗೆಟುಕುವ ನಿಜವಾದ ಆನರ್ಸ್ ಅಂದರೆ ಅದೇ ಅನ್ನುತ್ತೇನೆ. ಸೀಟು ಕಮ್ಮಿ, ಪೈಪೋಟಿ ಜಾಸ್ತಿ.

ಕೋಡಿಂಗ್_ಅಣ್ಣ
ಎಲ್ಲರೂ ಹುಡುಗಿಯನ್ನು ಮರದ ತುದಿಗೆ ಹತ್ತಿಸುತ್ತಿದ್ದೀರಿ. ನಾಳೆ ಇಳಿಸುವುದು ಅವರಪ್ಪನ ಪಾಲಿಗೆ. ಕರ್ನಾಟಕದ ಯಾರು ಈ ಕ್ಷೇತ್ರದಲ್ಲಿ ಏನು ಸಾಧಿಸಿದ್ದಾರೆ, ಹೇಳಿ ನೋಡೋಣ.

ಹೊಳೆನರಸೀಪುರದ_ಹುಡುಗಿ
ಸಿ.ವಿ. ವಿಶ್ವೇಶ್ವರ. ಬೆಂಗಳೂರಿನವರು. ಕಪ್ಪುಕುಳಿಯನ್ನು ಕೆಣಕಿದರೆ ಗಂಟೆ ಹೊಡೆದ ಹಾಗೆ ಮೊಳಗಿ ನಿಧಾನಕ್ಕೆ ಸುಮ್ಮನಾಗುತ್ತದೆ ಅಂತ 1970ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಆಗ ಕಪ್ಪುಕುಳಿ ಇದೆಯೋ ಇಲ್ಲವೋ ಅಂತಲೇ ಜನ ಜಗಳ ಆಡುತ್ತಿದ್ದರು. 2015ರ ಸೆಪ್ಟೆಂಬರ್ 14ರಂದು ಎರಡು ಕಪ್ಪುಕುಳಿ ಡಿಕ್ಕಿ ಹೊಡೆದು ಹೊರಟ ಮೊದಲ ಗುರುತ್ವ ಅಲೆ ಸಿಕ್ಕಿತಲ್ಲ, ಅದರ ಬಾಲದಲ್ಲಿದ್ದದ್ದು ಅದೇ ಮೊಳಗು. 45 ವರ್ಷ ಆದಮೇಲೆ. ಬೆಂಗಳೂರಿನ ನೆಹರು ತಾರಾಲಯ ಕಟ್ಟಿ ಬೆಳೆಸಿದವರೂ ಅವರೇ. ಅಲ್ಲಿ ಬಿಎಸ್ಸಿ ಮಕ್ಕಳಿಗೆ ವಾರಾಂತ್ಯದಲ್ಲಿ ರೀಪ್ ಅಂತ ತರಗತಿ ನಡೆಯುತ್ತದೆ, ನಮ್ಮ ಸಂಸ್ಥೆಯಲ್ಲಿ ಅರ್ಧ ಜನ ಅಲ್ಲಿಂದ ಬಂದವರು.

ಕೋಡಿಂಗ್_ಅಣ್ಣ
ಇದು ಗೊತ್ತಿರಲಿಲ್ಲ. ಆದರೂ ಸಿಎಸ್ ಸೀಟು ಬಿಡಬೇಡಿ.

ಸಕಲೇಶಪುರ_ಲೋಕಲ್
ರೀಪ್‌ಗೆ ಹಾಸನದಿಂದ ಪ್ರತಿ ವಾರ ಹೋಗಿಬರುವುದು ಹೇಳಿದಷ್ಟು ಸುಲಭ ಅಲ್ಲ ಅಕ್ಕ. ನಾನು ಒಂದು ವರ್ಷ ಹೋದೆ. ರಾತ್ರಿ ವಾಪಸ್ ಬರುವ ಹೊತ್ತಿಗೆ ಹಾಸನ ಬಸ್ ಸ್ಟ್ಯಾಂಡಿನಲ್ಲಿ ಸಕಲೇಶಪುರದ ಬಸ್ ಇರುತ್ತಿರಲಿಲ್ಲ. ಎರಡನೇ ವರ್ಷಕ್ಕೆ ಬಿಟ್ಟೆ. ಬಿಟ್ಟಿದ್ದಕ್ಕೆ ಬೇಜಾರು ಈಗಲೂ ಇದೆ.

ಫಿಸಿಕ್ಸ್_ಮೇಷ್ಟ್ರು
ಪ್ರತಿ ವಾರ ಆಗದವರಿಗೆ ಬೇಸಿಗೆ ರಜೆ ಇದೆ. ಬೆಂಗಳೂರಿನ ವಿಜ್ಞಾನ ಅಕಾಡೆಮಿ ಎರಡು ತಿಂಗಳ ಫೆಲೋಶಿಪ್ ಕೊಡುತ್ತದೆ, ಸಣ್ಣ ಕಾಲೇಜಿನವರೂ ಅರ್ಜಿ ಹಾಕಬಹುದು. ನನ್ನ ಹುಡುಗಿಯೊಬ್ಬಳು ಹೋಗಿ ಬಂದಳು. ಹೋಗುವಾಗ ಪಿಯು ಮಗು ಥರ ಇದ್ದಳು, ಬಂದವಳು ನನ್ನ ನೋಟ್ಸಿನಲ್ಲಿ ತಪ್ಪು ತೋರಿಸಿದಳು.

ಗಿರಿ_ಹತ್ತಿದವ
ನೀವೆಲ್ಲ ಪರೀಕ್ಷೆ ಬಗ್ಗೆ ಮಾತಾಡುತ್ತಿದ್ದೀರಿ, ಆಕಾಶದ ಸುದ್ದಿಯೇ ಇಲ್ಲ. ಮುಳ್ಳಯ್ಯನಗಿರಿ ರಾಜ್ಯದಲ್ಲೇ ಎತ್ತರದ ಜಾಗ. ಹತ್ತು ವರ್ಷದ ಹಿಂದೆ ಚಳಿಗಾಲದಲ್ಲಿ ಆ ಬುಡದಿಂದ ಆಕಾಶಗಂಗೆ ಹೇಗೆ ಕಾಣುತ್ತಿತ್ತು ಗೊತ್ತಾ? ಈಗ ಕೆಳಗಿನ ರೆಸಾರ್ಟುಗಳ ಲೈಟು, ವೀಕೆಂಡ್ ಕಾರುಗಳ ಹೆಡ್‌ಲೈಟು. ಒಂದು ವೀಕ್ಷಣಾಲಯ ಕಟ್ಟಬಹುದಿತ್ತು.

ಹೊಳೆನರಸೀಪುರದ_ಹುಡುಗಿ
ಕಟ್ಟಿದರೆ ಜೂನ್‌ನಿಂದ ಅಕ್ಟೋಬರ್ ತನಕ ಮೋಡ ನೋಡಬೇಕು. ಅದಕ್ಕೇ ಲಡಾಖಿನ ಹಾನ್ಲೆಗೆ ಹೋಗಿ 4,500 ಮೀಟರ್ ಎತ್ತರದಲ್ಲಿ 2 ಮೀಟರ್ ಟೆಲಿಸ್ಕೋಪ್ ಇಟ್ಟಿದ್ದಾರೆ. ಅದನ್ನು ನಡೆಸುವುದು ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ಕೂತು, ಉಪಗ್ರಹದ ಸಂಪರ್ಕದ ಮೂಲಕ. ಒಳಗೆ ಫ್ಯಾನ್ ಹಾಕಿಕೊಂಡು, ಅಲ್ಲಿ ಮೈನಸ್ ಡಿಗ್ರಿಯಲ್ಲಿರುವ ಯಂತ್ರ ತಿರುಗಿಸುತ್ತೇವೆ.

ಸಾಲಗಾಮೆ_ರಸ್ತೆ
ಉಪಗ್ರಹದ ಮೂಲಕ ಅಂದಿರಲ್ಲ, ಅದನ್ನು ಜಾಗದಲ್ಲಿ ನಿಲ್ಲಿಸಲು ಹಾಸನದಲ್ಲೂ ಯಾರೋ ನಿದ್ದೆಗೆಟ್ಟಿರಬೇಕು. ಸುಮ್ನೆ ನೆನಪಿಸಿದೆ.

ಮೂಡಿಗೆರೆ_ತೋಟ
ಇಷ್ಟೊಂದು ಜನ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಆಕಾಶ ನೋಡುವ ಮಾತು ಬಂತು, ಅದಕ್ಕೆ ಹೇಳುತ್ತೇನೆ. ಇವಳು ಎಂಟನೇ ಕ್ಲಾಸಿನಿಂದ ರಾತ್ರಿ ಕಣದಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಿದ್ದಳು. ಕಾಫಿ ಒಣಗಿಸುವ ಕಣ, ಸುತ್ತ ಮರ ಇಲ್ಲ, ಆಕಾಶ ಪೂರ್ತಿ ಕಾಣುತ್ತದೆ. ಈಗ ಎರಡು ವರ್ಷದಿಂದ ರಾತ್ರಿ ಅವಳನ್ನು ಕಣಕ್ಕೆ ಕಳಿಸಿಲ್ಲ. ಆನೆ ಬಂದಿದೆ ಅಂತ ಗ್ರೂಪಿನಲ್ಲಿ ಮೆಸೇಜ್ ಬರದ ವಾರ ಇಲ್ಲ.

ಆಲೂರು_ಅಂಗಡಿ
ನಮ್ಮ ಕಡೆಯೂ ಅದೇ. ಸಂಜೆ ಆರಕ್ಕೆ ಶಟರ್ ಎಳೆಯುತ್ತೇವೆ. ಕತ್ತಲೆ ಚೆನ್ನಾಗಿರುವ ಕಡೆ ಆನೆ, ಆನೆ ಇಲ್ಲದ ಕಡೆ ಟ್ಯೂಬ್‌ಲೈಟು.

ಗೊರೂರು_ಹಿನ್ನೀರು
ನಮ್ಮಜ್ಜ ಈ ಓದೆಲ್ಲ ಇಲ್ಲದೆ ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೆ ಅಂತ ಹೇಳುತ್ತಿದ್ದರು. ಆರಿದ್ರಾ ಮಳೆ ಆರದೇ ಹೊಯ್ಯುತ್ತೆ ಅಂತ ಈಗಲೂ ಹೇಳುತ್ತೇವಲ್ಲ.

ಹೊಳೆನರಸೀಪುರದ_ಹುಡುಗಿ
ಅಜ್ಜನ ಲೆಕ್ಕ ಸರಿಯೇ. 27 ನಕ್ಷತ್ರ, ಒಂದೊಂದಕ್ಕೆ ಹದಿಮೂರೂವರೆ ದಿನ, ವರ್ಷ ಮುಗಿಯಿತು. ಆರಿದ್ರಾ ಅಂದರೆ ಬೀಟಲ್‌ಗ್ಯೂಸ್, ಆ ಕೆಂಪು ದೈತ್ಯ ನಕ್ಷತ್ರ. ಜೂನ್ 21-22ರ ಹೊತ್ತಿಗೆ ಸೂರ್ಯ ಅದರ ಕಡೆಯೇ ಇರುತ್ತಾನೆ. ಹಾಗಾಗಿ ಆರಿದ್ರಾ ಮಳೆಯಲ್ಲಿ ಮೋಡ ಇಲ್ಲದಿದ್ದರೂ ಆರಿದ್ರಾ ಕಾಣುವುದಿಲ್ಲ. 2019ರ ಕೊನೆಯಲ್ಲಿ ಅದು ಇದ್ದಕ್ಕಿದ್ದಂತೆ ಮಂಕಾಯಿತು, ಸಿಡಿಯುತ್ತದೆ ಅಂತ ಪತ್ರಿಕೆಗಳಲ್ಲಿ ಗದ್ದಲ. ಆಮೇಲೆ ನೋಡಿದರೆ ಅದೇ ಉಗುಳಿದ ದೂಳು ಮುಂದೆ ಅಡ್ಡ ಬಂದಿತ್ತು.

ಮೂಡಿಗೆರೆ_ತೋಟ
ಮಗಳು ಬರೆಯುತ್ತಿದ್ದೇನೆ, ಅಪ್ಪ ಫೋನ್ ಕೊಟ್ಟಿದ್ದಾರೆ. ಅಕ್ಕ, ಎಲ್ಲ ಓದಿದೆ. ಬೋರ್ಡಿನ ಹತ್ತಿರ ನಿಲ್ಲಿಸಿ ಲೆಕ್ಕ ಕೇಳುತ್ತಾರೆ ಅಂದಿರಲ್ಲ, ಅದಕ್ಕೆ ಭಯ ಆಯಿತು. ಮ್ಯಾಥ್ಸ್‌ನಲ್ಲಿ 98 ಬಂದಿದೆ, ಆದರೆ ಇಂಟಿಗ್ರೇಷನ್ ಯಾಕೆ ಮಾಡುತ್ತೇವೆ ಅಂತ ನಿಜವಾಗಿ ಗೊತ್ತಿಲ್ಲ. ಹಾಗೇ ಕಲಿಸಿದರು. ಈ ಓದು ನನಗೆ ಆಗುತ್ತದಾ ಅಂತ ಸೇರುವ ಮೊದಲೇ ತಿಳಿಯುವ ದಾರಿ ಇದೆಯಾ?

ಹೊಳೆನರಸೀಪುರದ_ಹುಡುಗಿ
ಇದೆ. ಲ್ಯಾಪ್‌ಟಾಪ್ ಇದೆಯಾ? ಯುರೋಪಿನ ಗಾಯಾ ಉಪಗ್ರಹ ಅಳೆದ ನಕ್ಷತ್ರಗಳ ಪಟ್ಟಿ ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ದುಡ್ಡಿಲ್ಲ. ಕೃತ್ತಿಕೆ ನಕ್ಷತ್ರಗೊಂಚಲಿನ ಸುತ್ತ ಎರಡು ಡಿಗ್ರಿ ಜಾಗದ್ದು ತೆಗೆದುಕೋ. ಪ್ಯಾರಲಾಕ್ಸ್ (ಭೂಮಿ ಸೂರ್ಯನನ್ನು ಸುತ್ತುವಾಗ ನಕ್ಷತ್ರ ಸರಿದಂತೆ ಕಾಣುವ ಕೋನ) 7ರಿಂದ 7.8 ಮಿಲಿ ಆರ್ಕ್‌ಸೆಕೆಂಡ್ ಒಳಗಿರುವುದನ್ನು ಮಾತ್ರ ಇಟ್ಟುಕೋ. ಒಟ್ಟಿಗೆ ಒಂದೇ ದಿಕ್ಕಿಗೆ ಚಲಿಸುತ್ತಿರುವುದನ್ನು ಆರಿಸಿದರೆ ಇನ್ನೂ ಚೊಕ್ಕ. ಸರಾಸರಿ 7.4 ಬರುತ್ತದೆ. 1000ವನ್ನು 7.4ರಿಂದ ಭಾಗಿಸಿದರೆ 135 ಪಾರ್ಸೆಕ್ (ದೂರದ ಒಂದು ಅಳತೆ), 3.26ರಿಂದ ಗುಣಿಸಿದರೆ 440 ಜ್ಯೋತಿರ್ವರ್ಷ. ಕಣದಲ್ಲಿ ಮಲಗಿ ನೋಡುತ್ತಿದ್ದ ಗೊಂಚಲಿನ ದೂರ ನೀನೇ ಅಳೆದ ಹಾಗಾಯಿತು. ಆಮೇಲೆ ಅಡ್ಡಕ್ಕೆ ಬಣ್ಣ, ಉದ್ದಕ್ಕೆ ಮ್ಯಾಗ್ನಿಟ್ಯೂಡ್ ಹಾಕಿ ಗ್ರಾಫ್ ಮಾಡು. ಮ್ಯಾಗ್ನಿಟ್ಯೂಡ್ ಕಮ್ಮಿ ಇದ್ದಷ್ಟೂ ಬೆಳಕು ಜಾಸ್ತಿ, ಹಾಗಾಗಿ ತಲೆಕೆಳಗೆ ಹಾಕಬೇಕು. ಎಕ್ಸೆಲ್ ಸಾಕು. ಬೇಜಾರಾಗದೆ ಎರಡು ದಿನ ಕೂತರೆ ನಿನಗೇ ಗೊತ್ತಾಗುತ್ತದೆ.

ಎರಡನೇ_ಪಿಯು_ಅಮ್ಮ
ನನ್ನ ಮಗನಿಗೂ ಇದನ್ನೇ ಕೊಡುತ್ತೇನೆ. ಫೋನ್ ಬಿಡುತ್ತಾನಾ ನೋಡೋಣ.

ಕಡೂರು_ಕ್ರಾಸ್
ಮೂರು ದಿನದಿಂದ ಸುದ್ದಿ ಇಲ್ಲ. ಏನಾಯಿತು?

ಕೋಡಿಂಗ್_ಅಣ್ಣ
ಸಿಎಸ್‌ಗೆ ಸೇರಿರಬೇಕು.

ಮೂಡಿಗೆರೆ_ತೋಟ
ಮಗಳು. ಕರೆಂಟ್ ಎರಡು ದಿನ ಇರಲಿಲ್ಲ, ಮರ ಬಿದ್ದು ಲೈನ್ ಹೋಗಿತ್ತು. ಲ್ಯಾಪ್‌ಟಾಪ್ ಚಿಕ್ಕಪ್ಪನ ಮಗನದ್ದು, ಹ್ಯಾಂಡ್‌ಪೋಸ್ಟ್‌ನ ಅವರ ಮನೆಗೇ ಹೋಗಿ ಕೂತಿದ್ದೆ. ಅಕ್ಕ, ದೂರ ಬಂತು. ನನಗೆ 136 ಬಂತು, ನಿಮ್ಮದಕ್ಕಿಂತ ಒಂದು ಜಾಸ್ತಿ. ಗ್ರಾಫೂ ಬಂತು, ಆದರೆ ಎಲ್ಲೋ ತಪ್ಪಿದೆ ಅನ್ನಿಸುತ್ತದೆ. ನಕ್ಷತ್ರಗಳು ಒಂದು ಗೆರೆಯಲ್ಲಿ ಬರಬೇಕಿತ್ತು. ಆ ಗೆರೆಯ ಮೇಲೆ ಇನ್ನೊಂದು ಮಸುಕು ಗೆರೆ ಕಾಣುತ್ತಿದೆ, ಉದ್ದಕ್ಕೂ ಅಷ್ಟೇ ಅಂತರದಲ್ಲಿ. ಮೂರು ಸಲ ಮೊದಲಿಂದ ಮಾಡಿದೆ, ಹೋಗಲಿಲ್ಲ.

ಹೊಳೆನರಸೀಪುರದ_ಹುಡುಗಿ
ಅಂತರ ಎಷ್ಟಿದೆ ಅಳತೆ ಮಾಡು. ಉತ್ತರ ನಾನು ಹೇಳಲ್ಲ. ಬೇರೆಯವರೂ ದಯವಿಟ್ಟು ಹೇಳಬೇಡಿ.

ಮೂಡಿಗೆರೆ_ತೋಟ
ಮುಕ್ಕಾಲು ಮ್ಯಾಗ್ನಿಟ್ಯೂಡ್ ಹತ್ತಿರ. ಅಂದರೆ ಮೇಲಿನವು ಅದೇ ಬಣ್ಣದ ಕೆಳಗಿನವಕ್ಕಿಂತ... ತಡೀರಿ, ಲೆಕ್ಕ ಮಾಡುತ್ತೇನೆ. 5 ಮ್ಯಾಗ್ನಿಟ್ಯೂಡಿಗೆ 100 ಪಟ್ಟು. ಮುಕ್ಕಾಲಿಗೆ ಎರಡು ಪಟ್ಟು. ಸರಿಯಾಗಿ ಎರಡು ಪಟ್ಟು! ಅಕ್ಕ, ಅವು ಒಂದೊಂದಲ್ಲ, ಜೋಡಿ ನಕ್ಷತ್ರಗಳಾ?

ಹೊಳೆನರಸೀಪುರದ_ಹುಡುಗಿ
ಹೌದು ಕಣೇ. ಎರಡು ಒಟ್ಟಿಗೆ ಅಂಟಿಕೊಂಡು ಒಂದರ ಹಾಗೆ ಕಾಣುತ್ತವೆ.

ಬೇಲೂರಿಂದ_ಬ್ರಿಸ್ಬೇನ್
ನನ್ನ ನಾಲ್ಕು ತಿಂಗಳನ್ನು ನೆನೆದು ಈಗ ಅಳು ಬರುತ್ತಿದೆ.

ಮೂಡಿಗೆರೆ_ತೋಟ
ಅಪ್ಪ ಬರೆಯುತ್ತಿರುವುದು. ಇವರಿಬ್ಬರ ಮಾತು ನನಗೆ ಒಂದೂ ಅರ್ಥ ಆಗಲಿಲ್ಲ. ಖಾಸಗಿಯವರಿಗೆ ಫೋನ್ ಮಾಡಿ ಕ್ವಾಂಟಮ್ ಎಷ್ಟು ಸೆಮಿಸ್ಟರ್ ಅಂತ ಕೇಳಿದೆ. ಹೊಳೆನರಸೀಪುರದ ಹುಡುಗಿ, ಹಿಂದಿನ ಬೆಂಚಿನ ತಮ್ಮ, ಇಬ್ಬರೂ ಹೇಳಿದ್ದು ನೋಡಿ ಬರೆದಿಟ್ಟುಕೊಂಡಿದ್ದೆ. ಕೌನ್ಸೆಲರ್ ಹುಡುಗಿ ಫೀಸಿನಲ್ಲಿ ರಿಯಾಯಿತಿ ಇದೆ ಅಂದಳು. ಮತ್ತೆ ಕೇಳಿದೆ, ಮತ್ತೆ ರಿಯಾಯಿತಿ ಅಂದಳು. ಸೋಮವಾರ ಹಾಸನಕ್ಕೆ ಹೋಗಿ ಬಿಎಸ್ಸಿ ಅರ್ಜಿ ಹಾಕುತ್ತೇವೆ. ಸಿಇಟಿ ಆಪ್ಷನ್ ಎಂಟ್ರಿಯೂ ಮಾಡಿಟ್ಟಿದ್ದೇವೆ, ಕೋಡಿಂಗ್ ಅಣ್ಣ ಬೈಯಬಾರದು.

ಹಾಸನದಲ್ಲಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಒಳ್ಳೆಯದು ಎಲ್ಲಿ ಸಿಗುತ್ತದೆ? ಚಿಕ್ಕಪ್ಪನ ಮಗ ಅವನದ್ದನ್ನು ವಾಪಸ್ ಕೇಳುತ್ತಿದ್ದಾನೆ.

ಕೋಡಿಂಗ್_ಅಣ್ಣ
ನನ್ನ ಹಳೆಯದೊಂದು ಅರಸೀಕೆರೆ ಮನೆಯಲ್ಲಿದೆ, 8 ಜಿಬಿ ರ‍್ಯಾಮ್. ಬ್ಯಾಟರಿ ನಿಲ್ಲಲ್ಲ, ಚಾರ್ಜರ್ ಹಾಕಿಕೊಂಡೇ ಇರಬೇಕು. ದುಡ್ಡು ಬೇಡ. ಸೋಮವಾರ ಹಾಸನಕ್ಕೆ ಬಂದಾಗ ಮೆಸೇಜ್ ಮಾಡಿ, ತಮ್ಮನ ಕೈಯಲ್ಲಿ ಬಸ್ ಸ್ಟ್ಯಾಂಡಿಗೆ ಕಳಿಸುತ್ತೇನೆ.